ಗೇಣು ತಪ್ಪಿದ್ದನ್ನು ಮರೆಯದ ಖಲೀಲುಲ್ಲಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮಧುಗಿರಿ ಬೆಟ್ಟದ ಬೋಳು ಬಂಡೆಯ ತುದಿಗೆ ಮಾತ್ರ ತೆಳುವಾಗಿ ಬೆಳಕು ತಾಗಿದೆ. ಶಿರಾ ರಸ್ತೆಯಲ್ಲಿ ಊರು ದಾಟಿ ನಾಲ್ಕು ಕಿಲೋಮೀಟರ್ ಹೋದರೆ ಎಡಗಡೆ ಸಿಗುವ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜ್ ಮುಂದೆ ಪಾವಗಡದ ಕಡೆಯಿಂದ ಬಂದ ಎರಡು ಲಾರಿಗಳು ನಿಂತಿವೆ. ಚಾಲಕರು ಇನ್ನೂ ಎದ್ದಿಲ್ಲ. ಹೊರಗೆ ಏಪ್ರಿಲ್ ತಿಂಗಳ ಸೆಕೆ, ದಪ್ಪ ಬಾಗಿಲಿನ ಆಚೆಗೆ ನಾಲ್ಕು ಡಿಗ್ರಿ ಚಳಿ. ಇವೆರಡರ ನಡುವಿನ ಹಜಾರದಲ್ಲಿ ಸ್ವೆಟರ್ ಮೇಲೆ ಸ್ವೆಟರ್ ತೊಟ್ಟ, ಕಿವಿ ಮುಚ್ಚುವ ಟೋಪಿ ಹಾಕಿದ ಒಬ್ಬರು ಹಳದಿ ಯಂತ್ರವೊಂದರ ಸುತ್ತ ನಿಧಾನವಾಗಿ ಬರುತ್ತಿದ್ದಾರೆ.

ಅವರು ಶಿರಾದ ಖಲೀಲುಲ್ಲಾ. ವಯಸ್ಸು ನಲವತ್ತೇಳು. ಟಾರ್ಚ್ ಹಿಡಿದು ಯಂತ್ರದ ಚಕ್ರ ನೋಡುತ್ತಾರೆ. ಮೂಟೆ ಎತ್ತುವ ಎರಡು ಕಬ್ಬಿಣದ ಕೈಗಳ ಬುಡವನ್ನು ಬೆರಳಿನಿಂದ ಸವರಿ ಬಿರುಕು ಬಿಟ್ಟಿದೆಯೇ ಎಂದು ಹುಡುಕುತ್ತಾರೆ. ಸರಪಳಿಗೆ ಎಣ್ಣೆ ಇದೆಯೇ ಎಂದು ನೋಡುತ್ತಾರೆ. ಬ್ಯಾಟರಿಯ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಲು ಬಗ್ಗುತ್ತಾರೆ. ಹದಿನೈದು ನಿಮಿಷ ಹಿಡಿಯುವ ಈ ಕೆಲಸವನ್ನು ಅವರು ಒಂದು ದಿನವೂ ತಪ್ಪಿಸಿಲ್ಲ. ಕೊನೆಗೆ ಚಾಲಕನ ಕಣ್ಣೆದುರು ಬಡಿದಿರುವ ಸಣ್ಣ ತಗಡಿನ ಫಲಕದ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಓದುತ್ತಾರೆ.

"ದಿನಾ ಅದೇ ಅಂಕಿ. ಬದ್ಲಾಗಲ್ಲ. ಆದ್ರೂ ಓದ್ತೀನಿ" ಎನ್ನುತ್ತಾರೆ.

ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬರೆಯುತ್ತಾರೆಂದಾಗ ಅವರು ಮೂರು ಸಲ ಬೇಡ ಎಂದರು. ನಾಲ್ಕನೇ ಸಲ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಹೊಗಳ್ಬಾರ್ದು. ನಾನ್ ಏನ್ ಮಾಡ್ದೆ ಅನ್ನೋದನ್ನ ಬುಟ್ಟು ಬರೆಯೋದಾದ್ರೆ ಬ್ಯಾಡ. ದಾಸಮ್ಮನ ವಿಷ್ಯ ಪೂರ್ತಿ ಬರ್ಬೇಕು."

ಖಲೀಲುಲ್ಲಾ ಓಡಿಸುವ ಯಂತ್ರದ ಹೆಸರು ರೀಚ್ ಟ್ರಕ್. ಇಲ್ಲಿನ ಹಮಾಲರ ಬಾಯಲ್ಲಿ ಅದು ಬರೀ 'ರೀಚು'. ಮಂಡಿಯಲ್ಲಿ, ಕಾರ್ಖಾನೆಯಲ್ಲಿ ಕಾಣುವ ಸಾಮಾನ್ಯ ಫೋರ್ಕ್‌ಲಿಫ್ಟ್ ಭಾರವನ್ನು ಮುಂದಕ್ಕೆ ಚಾಚಿ ಹೊತ್ತುಕೊಳ್ಳುತ್ತದೆ. ಮುಗ್ಗರಿಸದಂತೆ ಅದಕ್ಕೆ ಹಿಂದೆ ತೂಕದ ಬಾಲ ಬೇಕು, ಆ ಬಾಲ ತಿರುಗಲು ಅಗಲವಾದ ದಾರಿ ಬೇಕು. ರೀಚ್ ಹಾಗಲ್ಲ. ಮುಂದೆ ಎರಡು ಕಾಲು ಚಾಚಿ ನಿಲ್ಲುತ್ತದೆ. ಆ ಕಾಲುಗಳ ನಡುವೆ ಎತ್ತುವ ಕಂಬವೇ ಮುಂದಕ್ಕೆ ಜಾರಿ ಹೋಗಿ, ಸರಕನ್ನು ರ‍್ಯಾಕಿನೊಳಗೆ ಇಟ್ಟು, ಹಿಂದಕ್ಕೆ ಬಂದು ಮಡಚಿಕೊಳ್ಳುತ್ತದೆ. ಚಾಲಕ ಅಡ್ಡಲಾಗಿ ಕೂರುತ್ತಾನೆ, ಮುಂದಕ್ಕೂ ಹಿಂದಕ್ಕೂ ಕತ್ತು ತಿರುಗಿಸಿದರೆ ಸಾಕು. ಹೀಗಾಗಿ ಎರಡು ರ‍್ಯಾಕ್‌ಗಳ ನಡುವಿನ ಓಣಿ ಮೂರು ಮೀಟರಿಗಿಂತ ಕಡಿಮೆ ಇದ್ದರೂ ನಡೆಯುತ್ತದೆ. ಓಣಿ ಕಿರಿದಾದಷ್ಟೂ ಗೋದಾಮಿನಲ್ಲಿ ರ‍್ಯಾಕ್ ಹೆಚ್ಚು, ರ‍್ಯಾಕ್ ಹೆಚ್ಚಾದಷ್ಟೂ ಸರಕು ಹೆಚ್ಚು. ಗೋದಾಮು ಕಟ್ಟುವವರೆಲ್ಲ ಈಗ ಇದನ್ನೇ ಕೇಳುವುದು ಅದಕ್ಕೇ.

ನಾಲ್ಕೂವರೆ ವರ್ಷದ ಹಿಂದೆ ಮಧುಗಿರಿಯ ಚಂದ್ರಶೇಖರಯ್ಯನವರೂ ಇದನ್ನೇ ಕೇಳಿದರು. ಮೂರು ತಲೆಮಾರಿನಿಂದ ಹುಣಸೆಹಣ್ಣಿನ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅವರದು. ಪಾವಗಡ, ಕೊರಟಗೆರೆ, ಹೊಳವನಹಳ್ಳಿ ಸುತ್ತಿನ ಹಣ್ಣು ಅವರ ಕೋಲ್ಡ್ ಸ್ಟೋರೇಜ್‌ಗೆ ಬರುತ್ತದೆ. ಮೊದಲು ಮೂಟೆಗಳನ್ನು ಹಮಾಲರೇ ಒಂದರ ಮೇಲೊಂದು ಒಟ್ಟುತ್ತಿದ್ದರು. ತಳದ ಹಣ್ಣು ಜಜ್ಜಿ ಹೋಗುತ್ತಿತ್ತು, ಚಾವಣಿಯ ಕೆಳಗಿನ ಅರ್ಧ ಜಾಗ ಖಾಲಿ ಉಳಿಯುತ್ತಿತ್ತು. ಅದಕ್ಕೆ ಐದು ಅಂತಸ್ತಿನ ರ‍್ಯಾಕ್ ಹಾಕಿಸಿದರು. ಯಂತ್ರವನ್ನು ಆರಿಸಲು ತಿಳಿದವರೊಬ್ಬರು ಬೇಕಿತ್ತು. ಶಿರಾದಲ್ಲಿ ಒಬ್ಬ ಇದ್ದಾನೆ, ಸೌದಿಯಲ್ಲಿ ಆರು ವರ್ಷ ಇದನ್ನೇ ಓಡಿಸಿದ್ದಾನೆ ಎಂದು ಯಾರೋ ಹೇಳಿದರು.

ಖಲೀಲುಲ್ಲಾ ಸೌದಿಯಲ್ಲಿ ಆರು ವರ್ಷ ಇದ್ದದ್ದು ನಿಜ. ಓಡಿಸಿದ್ದು ಸುಳ್ಳು.

ಅವರ ತಂದೆ ಶಿರಾದ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಸ್ಟೀಲು ಪಾತ್ರೆ ಬಂದ ಮೇಲೆ ಆ ಕಸುಬು ತಾನಾಗಿ ನಿಂತಿತು. ಉರ್ದು ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ ಮಗ ಬೀಡಾ ಅಂಗಡಿ, ಲಾರಿ ಕ್ಲೀನರ್ ಎಂದು ಅಲ್ಲಿ ಇಲ್ಲಿ ಅಲೆದು, ಕೊನೆಗೆ ದಮ್ಮಾಮ್‌ನ ದೊಡ್ಡ ಗೋದಾಮೊಂದಕ್ಕೆ ಹೋದರು. ಅಲ್ಲಿ ಅವರ ಕೆಲಸ ಸರಕು ಜೋಡಿಸಿದ ಮರದ ಹಲಗೆಗೆ, ಎಲ್ಲರೂ ಪ್ಯಾಲೆಟ್ ಎನ್ನುವ ಹಲಗೆಗೆ, ಸುತ್ತಲೂ ಪ್ಲಾಸ್ಟಿಕ್ ಹಾಳೆ ಸುತ್ತುವುದು. ಬೆಳಿಗ್ಗೆಯಿಂದ ಸಂಜೆವರೆಗೆ ಪ್ಯಾಲೆಟ್ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ರೀಚ್ ಟ್ರಕ್ ಅವರ ಮುಂದೆಯೇ ಓಡಾಡುತ್ತಿತ್ತು. ಮುಟ್ಟಲು ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಂಗಡಿಗನೊಬ್ಬ ಅವರನ್ನು ನಿಂತಿದ್ದ ಗಾಡಿಯ ಮೇಲೆ ಕೂರಿಸಿ ಫೋಟೊ ತೆಗೆದ. ಆ ಫೋಟೊ ಶಿರಾಕ್ಕೆ ಬಂತು. ಹೆಂಡತಿ ಅಮೀರ್ ಬಿ ಅದನ್ನು ಬೀದಿಯವರಿಗೆಲ್ಲ ತೋರಿಸಿದರು. ಫೋನಿನಲ್ಲಿ, "ನೀವು ಡ್ರೈವರ್ ಆದ್ರಂತೆ, ಹೇಳೇ ಇಲ್ಲ" ಎಂದು ಕೇಳಿದಾಗ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

"ಅಷ್ಟು ದೂರ ಹೋಗಿ ಪ್ಲಾಸ್ಟಿಕ್ ಸುತ್ತಾ ಇದೀನಿ ಅನ್ನೋಕೆ ನಾಚ್ಕೆ ಆಯ್ತು. ಸುಮ್ನಿದ್ದೆ. ಸುಮ್ನಿದ್ದದ್ದೇ ಸುಳ್ಳಾಯ್ತು" ಎಂದು ಅವರು ನೆಲ ನೋಡುತ್ತ ಹೇಳುತ್ತಾರೆ. ಊರಿಗೆ ಬಂದ ಮೇಲೆ ಚಂದ್ರಶೇಖರಯ್ಯನವರ ಎದುರು ಕೂತಾಗ ಅದೇ ಫೋಟೊ ತೋರಿಸಿದರು. ಆಗ ಸುಮ್ಮನಿರಲಿಲ್ಲ. "ಇದನ್ನೇ ಓಡಿಸ್ತಿದ್ದೆ ಯಜಮಾನ್ರೇ" ಎಂದು ಬಾಯಿಬಿಟ್ಟೇ ಹೇಳಿದರು.

ಬೆಂಗಳೂರಿನ ಹೊರವಲಯದಲ್ಲಿ ಹಳೆಯ ಯಂತ್ರ ಮಾರುವ ಅಂಗಳಕ್ಕೆ ಯಜಮಾನರ ಜೊತೆ ಹೋದರು. ಮಾರುವವರು ಮೋಸದವರಲ್ಲ. ಕೇಳಬೇಕಾದದ್ದನ್ನೆಲ್ಲ ಕೇಳಿದರು. ಓಣಿ ಎಷ್ಟು ಅಗಲ? ಮೇಲಿನ ಅಂತಸ್ತು ಎಷ್ಟು ಎತ್ತರ? ಆ ಎತ್ತರಕ್ಕೆ ಎಷ್ಟು ತೂಕ ಹೋಗುತ್ತದೆ? ನೆಲ ಸಮವಾಗಿದೆಯೇ? ಖಲೀಲುಲ್ಲಾ ಅಳೆದುಕೊಂಡು ಹೋಗಿದ್ದು ಓಣಿಯನ್ನು ಮಾತ್ರ, ಮಿಕ್ಕ ಪ್ರಶ್ನೆಗಳಿಗೆ ಎಲ್ಲ ಸರಿಯಿದೆ ಎಂದುಬಿಟ್ಟರು. ರ‍್ಯಾಕಿನ ಕಂಬದಿಂದ ಕಂಬಕ್ಕೆ ಎರಡು ಮೀಟರ್ ಎಂಬತ್ತೈದು ಸೆಂಟಿಮೀಟರ್. ಈ ಯಂತ್ರಕ್ಕೆ ಎರಡು ಎಪ್ಪತ್ತೈದು ಸಾಕು ಎಂದರು ಮಾರುವವರು. ಸರಿಹೋಯಿತು ಎಂದು ಇವರು ಅಂದುಕೊಂಡರು.

ಆಮೇಲೆ ಮಾರುವವರು ತಗಡಿನ ಫಲಕದ ಮೇಲೆ ಬೆರಳಿಟ್ಟು, "ಇದನ್ನ ಒಂದ್ಸಲ ನೋಡ್ಕೊಳ್ಳಿ" ಎಂದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಖಲೀಲುಲ್ಲಾಗೆ ಓದಲು ಬಂದದ್ದು ದೊಡ್ಡದಾಗಿ ಬರೆದ ಸಾವಿರದ ನಾನ್ನೂರು ಕಿಲೋ ಎಂಬ ಅಂಕಿ ಒಂದೇ. ಅದರ ಕೆಳಗೆ ಸಣ್ಣ ಅಕ್ಷರದ ಒಂದು ಪಟ್ಟಿ ಇತ್ತು. ಯಜಮಾನರು ಪಕ್ಕದಲ್ಲಿ ನಿಂತು ಇವರ ಮುಖವನ್ನೇ ನೋಡುತ್ತಿದ್ದರು. ಇವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಓದಿದವರಂತೆ ತಲೆಯಾಡಿಸಿದರು. "ಓಕೆ" ಎಂದರು.

ಆ ಪಟ್ಟಿಯಲ್ಲಿ ಇದ್ದದ್ದು ಇಷ್ಟು. ಯಂತ್ರ ಕೆಳಗಡೆ ಸಾವಿರದ ನಾನ್ನೂರು ಕಿಲೋ ಎತ್ತುತ್ತದೆ. ಕೈ ಮೇಲೆ ಹೋದಂತೆ ಅದರ ಶಕ್ತಿ ಇಳಿಯುತ್ತದೆ. ಏಳೂವರೆ ಮೀಟರಿಗೆ ಹೋದಾಗ ಎಂಟುನೂರ ಐವತ್ತಕ್ಕಿಂತ ಹೆಚ್ಚು ಹೊರಿಸಬಾರದು. ಕೋಲ್ಡ್ ಸ್ಟೋರೇಜ್‌ನ ಐದನೇ ಅಂತಸ್ತು ಏಳೂವರೆ ಮೀಟರ್. ಒಂದು ಪ್ಯಾಲೆಟ್‌ಗೆ ಐವತ್ತು ಕಿಲೋದ ಇಪ್ಪತ್ತು ಮೂಟೆ, ಅಂದರೆ ಒಂದು ಟನ್.

ಜನವರಿಯಲ್ಲಿ ಯಂತ್ರ ಬಂತು. ತಂದುಕೊಟ್ಟ ಮೆಕ್ಯಾನಿಕ್ ಎರಡು ದಿನ ಇದ್ದು ಎಲ್ಲ ತೋರಿಸಿಕೊಟ್ಟ. ಆರು ವರ್ಷ ನೋಡಿದ್ದು ಕೈಗೆ ಸುಲಭವಾಗಿ ಹತ್ತಿತು. ಆದರೆ ಓಣಿ ತುಂಬುತ್ತ ಬಂದಂತೆ ಮೊದಲ ತಪ್ಪು ಕಾಣಿಸಿಕೊಂಡಿತು. ಹುಣಸೆಹಣ್ಣಿನ ಮೂಟೆ ಇಟ್ಟಲ್ಲಿ ಇಟ್ಟಂತೆ ಇರುವುದಿಲ್ಲ. ಭಾರಕ್ಕೆ ಅರಳಿ, ಹೊಟ್ಟೆ ಬಂದು, ಹಲಗೆಯ ಅಂಚು ದಾಟಿ ಓಣಿಗೆ ಇಣುಕುತ್ತದೆ. ಈ ಕಡೆ ಅರ್ಧ ಗೇಣು, ಆ ಕಡೆ ಅರ್ಧ ಗೇಣು. ಕಂಬದಿಂದ ಕಂಬಕ್ಕೆ ಅಳೆದಿದ್ದ ಅವರು ಮೂಟೆಯಿಂದ ಮೂಟೆಗೆ ಅಳೆದಿರಲಿಲ್ಲ. ಒಂದು ಗೇಣು ಕಳೆದ ಮೇಲೆ ಗಾಡಿ ಒಂದೇ ಸಲಕ್ಕೆ ತಿರುಗಲಿಲ್ಲ. ಹಿಂದೆ ಮುಂದೆ ನಾಲ್ಕು ಸಲ ಎಳೆದಾಡಿ, ಮೂಟೆಗಳನ್ನು ಸವರಿಕೊಂಡು ಒಳಗೆ ತೂರಿಸಬೇಕಾಗುತ್ತಿತ್ತು.

ಎರಡನೆಯ ತಪ್ಪು ಮೈಗೇ ಗೊತ್ತಾಯಿತು. ಐದನೇ ಅಂತಸ್ತಿಗೆ ಎತ್ತಿ ಕಂಬವನ್ನು ಮುಂದಕ್ಕೆ ಚಾಚಿದಾಗ ಕೂತಿದ್ದ ಜಾಗ ಹಗುರವಾದಂತೆ ಅನ್ನಿಸುತ್ತಿತ್ತು. ಹಿಂದಿನ ಚಕ್ರ ನೆಲ ಬಿಡಲು ನೋಡುತ್ತಿತ್ತು. "ಅವಾಗ್ಲೇ ಗೊತ್ತಾಯ್ತು ನಂಗೆ, ಇದು ತಡ್ಕೊಳ್ತಾ ಇಲ್ಲ ಅಂತ." ಮೇಲಿನ ಅಂತಸ್ತಿಗೆ ಇಪ್ಪತ್ತರ ಬದಲು ಹದಿನಾರು ಮೂಟೆ ಹಾಕಿ ಎಂದು ಹಮಾಲರಿಗೆ ಹೇಳಿದ್ದರೆ ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಯಂತ್ರ ಆರಿಸಿದ್ದು ಯಾರು ಎಂಬ ಮಾತು ಬರುತ್ತದೆ. ಎರಡು ತಿಂಗಳು ಖಲೀಲುಲ್ಲಾ ಬಿಸ್ಮಿಲ್ಲಾ ಎಂದುಕೊಂಡು ಇಪ್ಪತ್ತು ಮೂಟೆಯನ್ನೇ ಎತ್ತಿದರು.

ದಾಸಮ್ಮ ಅಲ್ಲಿ ಹರಿದ ಮೂಟೆ ಹೊಲಿಯುವ ಕೆಲಸಕ್ಕಿದ್ದರು. ಐವತ್ತೆಂಟು ವರ್ಷ. ಸೆರಗಿನಲ್ಲಿ ದಬ್ಬಣ ಸಿಕ್ಕಿಸಿಕೊಂಡು, ಸುತಲಿ ಉಂಡೆ ಹಿಡಿದು ಎಲ್ಲೆಲ್ಲಿ ಹಣ್ಣು ಸುರಿಯುತ್ತಿದೆಯೋ ಅಲ್ಲಲ್ಲಿ ಹೋಗಿ ಹೊಲಿಯುತ್ತಿದ್ದರು. ಆ ವರ್ಷ ಅವರ ಕೆಲಸ ಹೆಚ್ಚಿತ್ತು, ಏಕೆಂದರೆ ಗಾಡಿ ಸವರಿ ಸವರಿ ಮೂಟೆಗಳು ಹರಿಯುತ್ತಿದ್ದವು. ಅದನ್ನೂ ಖಲೀಲುಲ್ಲಾ ಅವರೇ ಹೇಳುತ್ತಾರೆ. "ಅವ್ರು ಓಣಿ ಒಳಗೆ ಬಂದಿದ್ದೇ ನಾನು ಹರಿದಿದ್ದನ್ನ ಹೊಲಿಯೋಕೆ."

ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಮೂರನೇ ಓಣಿಯ ಐದನೇ ಅಂತಸ್ತಿಗೆ ಪ್ಯಾಲೆಟ್ ಎತ್ತಿ ಕಂಬ ಚಾಚಿದಾಗ ಗಾಡಿ ಮುಂದಕ್ಕೆ ವಾಲಿತು. ಗಾಬರಿಯಿಂದ ಹಿಂದಕ್ಕೆ ಎಳೆದರು. ಹಲಗೆ ರ‍್ಯಾಕಿನ ಅಡ್ಡಪಟ್ಟಿಗೆ ತಗುಲಿ ಓರೆಯಾಯಿತು. ಮೇಲಿನ ನಾಲ್ಕು ಮೂಟೆ ಜಾರಿದವು. ಮೂರು ನೆಲಕ್ಕೆ ಬಿದ್ದು ಒಡೆದವು. ನಾಲ್ಕನೆಯದು ಕೆಳಗಿನ ರ‍್ಯಾಕಿಗೆ ಬಡಿದು, ಅಲ್ಲಿಂದ ಚಿಮ್ಮಿ, ಬಗ್ಗಿ ಹೊಲಿಯುತ್ತಿದ್ದ ದಾಸಮ್ಮನ ಎಡ ತೊಡೆಯ ಮೇಲೆ ಬಿತ್ತು. ತೊಡೆಯ ಮೂಳೆ ಮುರಿಯಿತು.

ಮಧುಗಿರಿಯ ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿದರು. ಮೂಳೆಗೆ ರಾಡು ಹಾಕಿದರು. ಖರ್ಚನ್ನೆಲ್ಲ ಚಂದ್ರಶೇಖರಯ್ಯನವರೇ ನೋಡಿಕೊಂಡರು. ಆದರೆ ಕೋಲ್ಡ್ ಸ್ಟೋರೇಜ್‌ನಲ್ಲಿ ಮಾತು ಒಂದೇ ದಿಕ್ಕಿಗೆ ಹೋಯಿತು. ಗಾಡಿ ಓಡುವಾಗ ಈ ಹೆಂಗಸು ಒಳಗೆ ಯಾಕೆ ಹೋಗಬೇಕಿತ್ತು? ಯಜಮಾನರೂ ಹಾಗೇ ಅಂದರು, ಹಮಾಲರೂ ಅಂದರು, ಜೊತೆಯ ಹೆಣ್ಣಾಳುಗಳೂ ಅಂದರು. ಖಲೀಲುಲ್ಲಾರನ್ನು ಯಾರೂ ಏನೂ ಕೇಳಲಿಲ್ಲ. ಸೌದಿಯಲ್ಲಿ ಓಡಿಸಿದವರನ್ನು ಏನು ಕೇಳುವುದು?

ನಾಲ್ಕನೇ ದಿನ ಅವರು ಕಿತ್ತಳೆಹಣ್ಣು ಹಿಡಿದು ತುಮಕೂರಿಗೆ ಹೋದರು. ಮಂಚದ ಮೇಲೆ ಮಲಗಿದ್ದ ದಾಸಮ್ಮ ಇವರನ್ನು ಕಂಡ ಕೂಡಲೇ ಏಳಲು ನೋಡಿದರು.

"ನಂದೇ ತಪ್ಪು ಕಣ್ಲಾ ಖಲೀಲು" ಎಂದರು. "ಗಾಡಿ ಓಡೋವಾಗ ಅಡ್ಡ ಬಂದ್ಬುಟ್ಟೆ. ನೀನು ಎಷ್ಟು ಹೆದ್ರುಕೊಂಡ್ಯೋ ಏನೋ. ನಿನ್ ಕೆಲ್ಸಕ್ಕೆ ಏನೂ ತೊಂದ್ರೆ ಆಗ್ಲಿಲ್ವಲ್ಲ?"

ಇವರು ಇಲ್ಲವೆಂದು ತಲೆಯಾಡಿಸಿದರು.

"ಉಂಡ್ಯೇನ್ಲಾ? ಮುಖ ನೋಡು, ಹೆಂಗಾಗದೆ."

ಖಲೀಲುಲ್ಲಾ ಕಿತ್ತಳೆಹಣ್ಣನ್ನು ಮಂಚದ ಕೆಳಗಿಟ್ಟು ಹೊರಗೆ ಬಂದರು. ಈ ಮಾತು ಹೇಳುವಾಗ ಅವರ ಕೈ ಟಾರ್ಚಿನ ಗುಂಡಿಯನ್ನು ಒತ್ತುತ್ತ, ಆರಿಸುತ್ತ ಇರುತ್ತದೆ. "ಬಾಯಿಗೆ ಬಂತು ಸಾರ್. ಹೇಳ್ಬುಡ್ಬೇಕು ಅಂತ ಬಂತು. ಹೇಳ್ಲಿಲ್ಲ. ಅವ್ರು ಉಂಡ್ಯಾ ಅಂತ ಕೇಳ್ತಾವ್ರೆ, ನಾನು ನನ್ ಕೆಲ್ಸ ಉಳೀತಲ್ಲ ಅಂತ ನಿಂತಿದೀನಿ." ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರಂತೆ.

ಆರು ತಿಂಗಳು ಹೀಗೇ ಕಳೆಯಿತು. ಹಗಲು ಅವರು ಅದೇ ಗಾಡಿ ಓಡಿಸಿದರು. ಏನೋ ನೆಪ ಹೇಳಿ ಐದನೇ ಅಂತಸ್ತಿಗೆ ಎತ್ತುವುದನ್ನು ಬಿಟ್ಟರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಅಮೀರ್ ಬಿ ಕೇಳಿದರೆ ತಲೆನೋವು ಎನ್ನುತ್ತಿದ್ದರು.

ಸೆಪ್ಟೆಂಬರಿನಲ್ಲಿ ದಾಸಮ್ಮ ಕೋಲು ಊರಿಕೊಂಡು ಆಫೀಸಿಗೆ ಬಂದರು. ಮತ್ತೆ ಕೆಲಸ ಕೊಡಿ ಎಂದು ಕೇಳಿದರು. ಚಂದ್ರಶೇಖರಯ್ಯ ಕೆಟ್ಟವರಲ್ಲ, ಆದರೆ ಅವರಿಗೂ ಭಯ ಇತ್ತು. "ಬೇಡ ದಾಸಮ್ಮ. ನಿಂಗೆ ಎಚ್ಚರ ಸಾಲದು. ಇನ್ನೊಂದು ಸಲ ಹೀಗಾದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ" ಎಂದರು.

ದಾಸಮ್ಮ ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಜೋಡಿಸಿದರು. "ತಪ್ಪಾಯ್ತು ಯಜಮಾನ್ರೇ. ಇನ್ಮೇಕೆ ಅಡ್ಡ ಬರಾಕಿಲ್ಲ."

ಲಾರಿಯ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಖಲೀಲುಲ್ಲಾಗೆ ಅದನ್ನು ಎರಡನೇ ಸಲ ಕೇಳಲು ಆಗಲಿಲ್ಲ.

"ಅವ್ರು ತಪ್ಪು ಮಾಡಿಲ್ಲ" ಎಂದರು. "ಗಾಡಿ ಅಷ್ಟು ಭಾರ ಎತ್ಬಾರ್ದಿತ್ತು. ನಂಗೆ ಗೊತ್ತಿತ್ತು. ಓಣಿ ಅಳತೇನೂ ತಪ್ಪಿತ್ತು. ಆ ಪ್ಲೇಟು ನಂಗೆ ಓದೋಕೇ ಬರಲ್ಲ ಯಜಮಾನ್ರೇ. ಸೌದೀಲಿ ನಾನು ಒಂದಿನಾನೂ ಗಾಡಿ ಓಡಿಸಿಲ್ಲ. ಪ್ಲಾಸ್ಟಿಕ್ ಸುತ್ತಾ ಇದ್ದೆ."

ದಾಸಮ್ಮ ಮೆಲ್ಲಗೆ ತಿರುಗಿದರು.

"ನಾನು ಆಸ್ಪತ್ರೇಲಿ ತಪ್ಪಾಯ್ತು ಅಂದಾಗ ನೀವು ಅಲ್ಲೇ ಇದ್ರಿ ಅಲ್ವಾ?"

"ಇದ್ದೆ."

"ಎಲ್ಲಾ ಗೊತ್ತಿತ್ತು."

"ಗೊತ್ತಿತ್ತು."

ದಾಸಮ್ಮ ಬೈಯಲಿಲ್ಲ. "ಈ ಮಾತ್ನ ಇಲ್ಲಿ ಹೇಳಿದ್ರೆ ಆಗಲ್ಲ. ಆರು ತಿಂಗ್ಳಿಂದ ಆ ಶೆಡ್‌ನೋರೆಲ್ಲ ನನ್ನ ಆಡ್ಕೊಂಡವ್ರೆ. ಅಲ್ಲಿ ಬಂದು ಹೇಳಿ" ಎಂದು ಕೋಲು ತೆಗೆದುಕೊಂಡು ಮುಂದೆ ನಡೆದರು.

ಹಣ್ಣಿನ ನಾರು ಬಿಡಿಸುವ ಶೆಡ್‌ನಲ್ಲಿ ಇಪ್ಪತ್ತೆರಡು ಹೆಂಗಸರು ಕೂತಿದ್ದರು. ಅವರ ಮುಂದೆ ಖಲೀಲುಲ್ಲಾ ಮೊದಲಿನಿಂದ ಕೊನೆವರೆಗೆ ಎಲ್ಲವನ್ನೂ ಹೇಳಿದರು. ಫೋಟೊ, ಫಲಕ, ಹಗುರವಾಗುತ್ತಿದ್ದ ಹಿಂದಿನ ಚಕ್ರ, ಕಿತ್ತಳೆಹಣ್ಣು. ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಹಾಗೇ ಬಗ್ಗಿ ಮತ್ತೆ ನಾರು ಬಿಡಿಸತೊಡಗಿದರು. "ಯಾರಾದ್ರೂ ಉಗಿದಿದ್ರೆ ಚೆನ್ನಾಗಿತ್ತು. ಉಗೀಲಿಲ್ಲ. ಅಲ್ಲಿಂದ ಬಾಗಿಲ ತನಕ ನಡೆಯೋದೇ ಕಷ್ಟ ಆಯ್ತು."

ಚಂದ್ರಶೇಖರಯ್ಯ ಕೀಲಿಕೈ ಈಸಿಕೊಂಡರು. ಕೆಲಸದಿಂದ ತೆಗೆಯಲಿಲ್ಲ, ಹಮಾಲರ ಜೊತೆ ಮೂಟೆ ಹೊರಲು ಹಾಕಿದರು. ಆ ದಿನವನ್ನು ನೆನೆದರೆ ಅರವತ್ತೊಂಬತ್ತರ ಈ ವ್ಯಾಪಾರಿಯೂ ತಲೆ ತಗ್ಗಿಸುತ್ತಾರೆ. "ಹಣ್ಣು ಕೊಳ್ಳುವಾಗ ಮೂಟೆ ಬಿಚ್ಚಿಸಿ, ಕೈ ತೂರಿಸಿ, ಬಾಯಿಗೆ ಹಾಕ್ಕೊಂಡು ನೋಡೋನು ನಾನು. ಗಾಡಿ ವಿಷಯದಲ್ಲಿ ಒಂದು ಫೋಟೊ ನೋಡಿ ಸುಮ್ಮನಾದೆ. ದಾಸಮ್ಮನ ಕಾಲಲ್ಲಿ ನನ್ನ ಪಾಲೂ ಇದೆ" ಎನ್ನುತ್ತಾರೆ.

ಗಾಡಿ ಮೂಲೆ ಸೇರಿತು. ಆ ವರ್ಷ ಮತ್ತೆ ಕೈಯಲ್ಲೇ ಒಟ್ಟುವ ಕೆಲಸ. ಖಲೀಲುಲ್ಲಾ ಮೂಟೆ ಹೊತ್ತರು. ರಾತ್ರಿ ಊಟವಾದ ಮೇಲೆ, ಪಿಯುಸಿ ಓದುತ್ತಿದ್ದ ಮಗಳು ಬುಷ್ರಾಳ ಎದುರು, ಫೋನಿನಲ್ಲಿ ತೆಗೆದುಕೊಂಡು ಬಂದ ಫಲಕದ ಚಿತ್ರ ಹಿಡಿದು ಕೂತರು. ಅಬ್ಬಾಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಆವತ್ತೇ. ಅವಳು ಒಂದೊಂದು ಪದವನ್ನೂ ದೊಡ್ಡದಾಗಿ ನೋಟ್‌ಬುಕ್ಕಿನಲ್ಲಿ ಬರೆದು ಅರ್ಥ ಹೇಳಿದಳು, ಇವರು ಪಕ್ಕದಲ್ಲಿ ಉರ್ದುವಿನಲ್ಲಿ ಬರೆದುಕೊಂಡರು. ಎತ್ತುವ ಎತ್ತರ. ಭಾರದ ನಡುಬಿಂದು ಎಷ್ಟು ದೂರ. ಆ ಎತ್ತರದಲ್ಲಿ ಉಳಿಯುವ ಶಕ್ತಿ. "ಅವ್ಳು ನಗ್ಲಿಲ್ಲ. ಒಂದೇ ಮಾತು ಕೇಳಿದ್ಲು, ಮುಂಚೇನೇ ಯಾಕೆ ಕೇಳ್ಲಿಲ್ಲ ಅಬ್ಬಾ, ಅಂತ. ಆ ಮಾತು ಇನ್ನೂ ಇಲ್ಲಿದೆ" ಎಂದು ಎದೆ ಮುಟ್ಟಿ ತೋರಿಸುತ್ತಾರೆ.

ಆಮೇಲೆ ರಜೆ ಹಾಕಿ ಬೆಂಗಳೂರಿನ ತರಬೇತಿ ಶಾಲೆಯೊಂದರಲ್ಲಿ ಹದಿನೈದು ದಿನ ಕಲಿತರು. ಸುತ್ತ ಇಪ್ಪತ್ತು ದಾಟಿದ ಯುವಕರು, ನಡುವೆ ನರೆತ ಗಡ್ಡದ ಇವರು. ಮೊದಲ ದಿನ ಅನುಭವ ಎಷ್ಟು ಎಂದು ಕೇಳಿದಾಗ, "ಸೊನ್ನೆ ಬರ್ಕೊಳ್ಳಿ" ಎಂದರು.

ಮರುವರ್ಷ ಚಂದ್ರಶೇಖರಯ್ಯ ಹಳೆಯ ಯಂತ್ರ ಕೊಟ್ಟು ಬೇರೆಯದನ್ನು ತರಲು ಹೊರಟಾಗ ಇವರನ್ನೇ ಕರೆದರು. ಯಜಮಾನರ ಮನೆಯವರು ಬೇಡವೆಂದರು. "ಇವನು ಈಗ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾನೆ, ಅಂಥವನು ನಂಗೆ ಬೇಕು" ಎಂಬುದು ಯಜಮಾನರ ಉತ್ತರ.

ಈ ಸಲ ಅಳತೆ ಎಂಟು ದಿನ ನಡೆಯಿತು. ಓಣಿಯ ಎರಡೂ ಬದಿಗೆ ತುಂಬಿದ ಪ್ಯಾಲೆಟ್ ಇಡಿಸಿದರು. ವಾರ ಬಿಟ್ಟು, ಮೂಟೆಗಳೆಲ್ಲ ಅರಳಿ ಹೊಟ್ಟೆ ಬಂದ ಮೇಲೆ ಟೇಪು ಹಿಡಿದರು. ಎರಡು ಮೀಟರ್ ಅರವತ್ತನಾಲ್ಕು. ಅಷ್ಟರಲ್ಲಿ ಯಾವ ಗಾಡಿಯೂ ಸಲೀಸಾಗಿ ತಿರುಗದು, ಒಂದು ಸಾಲು ರ‍್ಯಾಕ್ ಬಿಚ್ಚಿ ಓಣಿಗಳನ್ನು ಅಗಲ ಮಾಡಿ ಎಂದರು. ನೂರ ಇಪ್ಪತ್ತು ಪ್ಯಾಲೆಟ್‌ನ ಜಾಗ ಹೋಗುತ್ತದೆಂದು ಯಜಮಾನರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ ಬಿಚ್ಚಿಸಿದರು. ನೆಲಕ್ಕೆ ಕೊಡದಿಂದ ನೀರು ಸುರಿದು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಸುಣ್ಣದಲ್ಲಿ ಗುರುತು ಮಾಡಿದರು. ಕೆಳಗೆ ಒಂದು ಬೆರಳಿನಷ್ಟು ತಗ್ಗಿದ್ದರೆ ಮೇಲೆ ಏಳೂವರೆ ಮೀಟರಿನಲ್ಲಿ ಕೈ ಅರ್ಧ ಗೇಣು ಓಲಾಡುತ್ತದೆ. ಬಾಗಿಲಿನ ಎತ್ತರ ಅಳೆದರು, ಮಡಚಿದ ಕಂಬ ಅದರ ಕೆಳಗೆ ನುಸುಳಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆಂದು ಅದಕ್ಕೆ ತಕ್ಕ ಬ್ಯಾಟರಿ ಕೇಳಿದರು. ಕೊನೆಗೆ ಫಲಕ ಓದಿದರು, ಬೆರಳಿಟ್ಟು, ಗಟ್ಟಿಯಾಗಿ, ಮಾರುವವರ ಎದುರೇ. ಏಳೂವರೆ ಮೀಟರಿಗೆ ಸಾವಿರದ ಇನ್ನೂರು ಕಿಲೋ ಎತ್ತುವ ಯಂತ್ರ ಬಂತು. ಆದರೂ ಐದನೇ ಅಂತಸ್ತಿಗೆ ಹದಿನಾರು ಮೂಟೆಗಿಂತ ಹೆಚ್ಚು ಹೋಗುವುದಿಲ್ಲ. ರ‍್ಯಾಕಿನ ಮೇಲೆ ಹಳದಿ ಬಣ್ಣದಲ್ಲಿ ಹಾಗೇ ಬರೆಸಿದ್ದಾರೆ.

ಈಗ ಸುಗ್ಗಿಯಲ್ಲಿ ದಿನಕ್ಕೆ ನೂರ ಹತ್ತು, ನೂರ ಇಪ್ಪತ್ತು ಪ್ಯಾಲೆಟ್. ಒಂದೂವರೆ ಗಂಟೆ ಚಳಿಯಲ್ಲಿ, ಕಾಲು ಗಂಟೆ ಹೊರಗೆ ಬಿಸಿಲಲ್ಲಿ. ಕತ್ತು ಮೇಲೆತ್ತಿ ಮೇಲೆತ್ತಿ ಕುತ್ತಿಗೆ ಹಿಡಿದುಕೊಂಡಿದೆ. ಮೂರು ಸುಗ್ಗಿ ಕಳೆಯಿತು, ಒಂದು ಮೂಟೆಯೂ ಬಿದ್ದಿಲ್ಲ. ಇದನ್ನು ಹೇಳಲು ಅವರು ಒಪ್ಪುವುದಿಲ್ಲ, ಹೇಳಿದ್ದು ಯಜಮಾನರು.

ಸುದ್ದಿ ಹರಡಿ, ಭಾನುವಾರಗಳಲ್ಲಿ ಬೇರೆ ಗೋದಾಮಿನವರೂ ಕರೆಯುತ್ತಾರೆ. ಶಿರಾ ಹೆದ್ದಾರಿ ಪಕ್ಕದ ಟೈರಿನ ಗೋದಾಮಿಗೆ ಹೋಗಿದ್ದರು, ಕೊರಟಗೆರೆಯ ಬಿತ್ತನೆಬೀಜದ ಗೋದಾಮಿಗೆ ಹೋಗಿದ್ದರು. ಟೇಪು ಬಿಚ್ಚುವ ಮುಂಚೆ ಎಲ್ಲ ಕಡೆ ತಮ್ಮ ಕತೆಯನ್ನು ಹೇಳಿಯೇ ಹೇಳುತ್ತಾರೆ. ಪಾವಗಡದಲ್ಲಿ ಕಡಲೆಕಾಯಿ ದಾಸ್ತಾನು ಮಾಡುವ ಭೀಮರಾಜು ಎಂಬುವವರು ಅರ್ಧಕ್ಕೇ ತಡೆದು, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ, "ಇದೆಲ್ಲಾ ನಂಕ್ಯಾಕೆ ಚೆಪ್ತೀಯಪ್ಪಾ, ಟೇಪು ಹಿಡಿ" ಎಂದಿದ್ದರಂತೆ. ಇವರು ಪೂರ್ತಿ ಹೇಳಿಯೇ ಟೇಪು ಹಿಡಿದರು. ಅಳೆದ ಮೇಲೆ, ಈ ಚಾವಣಿ ಇರುವುದೇ ಹನ್ನೆರಡು ಅಡಿ, ನಿಮಗೆ ರೀಚ್ ಬೇಕಾಗಿಲ್ಲ, ಕೈಯಲ್ಲಿ ತಳ್ಳುವ ಸಣ್ಣ ಗಾಡಿ ಸಾಕು ಎಂದು ಎದ್ದುಬಂದರು. ಹೊಸ ಯಂತ್ರಕ್ಕೆ ಪೂಜೆ ಸಾಮಾನು ಕೂಡ ತಂದಿಟ್ಟುಕೊಂಡಿದ್ದ ಭೀಮರಾಜು ಒಂದು ವಾರ ಮಾತು ಬಿಟ್ಟಿದ್ದರು.

ದಾಸಮ್ಮ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಏನು ಕೆಲಸ ಮಾಡುತ್ತೀಯ ಎಂದು ಯಜಮಾನರು ಕೇಳಿದಾಗ, "ಕೂತ್ಕೊಂಡು ಕಾಯ್ತೀನಿ. ಇನ್ನೊಬ್ರು ಒಳಗೆ ಹೋಗ್ದಂಗೆ" ಎಂದಿದ್ದರು. ಬಾಗಿಲಿಗೆ ಅಡ್ಡ ಒಂದು ಸರಪಳಿ ಇದೆ, ಅದರ ಕೊಕ್ಕೆ ಅವರ ಕೈಯಲ್ಲಿ. ಗಾಡಿ ಒಳಗಿದ್ದರೆ ಮನುಷ್ಯರು ಹೋಗುವಂತಿಲ್ಲ, ಮನುಷ್ಯರು ಒಳಗಿದ್ದರೆ ಗಾಡಿ ಹೋಗುವಂತಿಲ್ಲ. ಚಳಿಗೆ ತೊಡೆಯೊಳಗಿನ ರಾಡು ನೋಯುತ್ತದೆಂದು ಅವರ ಸ್ಟೂಲು ಬಾಗಿಲಿನ ಹೊರಗಿದೆ. ಅಲ್ಲಿಂದಲೇ ಎಲ್ಲರನ್ನೂ ಗದರುತ್ತಾರೆ. ಇಂದೂ ಆರು ಗಂಟೆಗೆ ಸರಿಯಾಗಿ ಬಂದು ಕೂತವರು, ಸರಪಳಿ ದಾಟಲು ನೋಡಿದ ಹಮಾಲನಿಗೆ, "ಲೇ ರಂಗೇಶ, ಕಣ್ಣು ಕಾಣಾಕಿಲ್ವೇನ್ಲಾ, ಹಿಂದಕ್ ಬಾ" ಎಂದು ಕೋಲು ತೋರಿಸುತ್ತಾರೆ. ಕ್ಷಮಿಸಿದ್ದೀರಾ ಎಂದು ಅವರನ್ನೇ ಕೇಳಿದರೆ, "ಗಾಡಿ ಚೆನ್ನಾಗಿ ಓಡಿಸ್ತಾರೆ ಅವ್ರು" ಎಂದಷ್ಟೇ ಹೇಳುತ್ತಾರೆ.

ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ದಾಸಮ್ಮ ಕೊಕ್ಕೆ ಬಿಚ್ಚಿ ಈ ಕಡೆ ತಿರುಗುತ್ತಾರೆ.

"ಖಲೀಲ್ ಸಾಹೇಬ್ರೇ, ನೀವು ಬರ್ಬೋದು."

ಖಲೀಲುಲ್ಲಾ ಗಾಡಿ ಹತ್ತುತ್ತಾರೆ. ಕೀಲಿ ತಿರುಗಿಸುವ ಮುಂಚೆ ಒಂದು ಕ್ಷಣ ತಡೆಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಆಗಲೇ ಕೇಳಿದ್ದ ಪ್ರಶ್ನೆಗೆ, ದಾಸಮ್ಮನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಉತ್ತರಿಸುತ್ತಾರೆ.

"ಮುಂಚೆ ನಂಗೂ ಹಂಗೇ ಲೇ ಅಂತಿದ್ರು. ಆವತ್ತಿಂದ ಬನ್ನಿ, ಹೋಗಿ, ಸಾಹೇಬ್ರೇ. ನಾಲ್ಕು ವರ್ಷ ಆಗ್ತಾ ಬಂತು, ಒಂದಿನಾನೂ ತಪ್ಪಿಲ್ಲ. ಆ ಮರ್ಯಾದೆ ತಡ್ಕೊಳ್ಳೋಕಾಗಲ್ಲ ಸಾರ್. ಒಂದ್ಸಲ ಲೇ ಖಲೀಲು ಅಂದ್ರೆ ಸಾಕು. ನಾನಾಗಿ ಕೇಳಲ್ಲ. ಅವ್ರಾಗೇ ಅನ್ಬೇಕು."